ಅಪ್‌ಡೇಟ್: ರಾಯಚೂರಿನಿಂದ ಕಾಶಿಗೆ ಕಾರಿನಲ್ಲಿ ಹೋಗಿ ಬಂದೆವು

ವಯಸ್ಸಾದ ಅಪ್ಪ, ಅಮ್ಮನೊಂದಿಗೆ ರಾಯಚೂರಿನಿಂದ ಕಾಶಿಗೆ ಕಾರಿನಲ್ಲಿ ಹೋಗಲು ಸೊಲ್ಲಾಪುರದ ದಾರಿ ಮೇಲೋ ನಾಗಪುರದ್ದೋ ಎಂದು ಕೇಳಿದ್ದೆ. ಹೆಚ್ಚಿನವರು ನಾಗಪುರ ಎಂದಿರಿ. ಹಾಗೆಯೇ ಹೋಗಿ ಕ್ಷೇಮವಾಗಿ ಮರಳಿದ್ದೇವೆ.

ಶಕ್ತಿನಗರದ ಬಳಿ ಕೃಷ್ಣೆ ದಾಟಿ, ಜಡ್ಚರ್ಲಾದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಲಖನಾದೌನ್‌ವರೆಗೆ ದಾರಿ ಕೇಳುವ ಗೊಡವೆಯೇ ಇಲ್ಲ. ಅಲ್ಲಿಂದ ಜಬಲ್ಪುರ, ರೀವಾ, ಪ್ರಯಾಗರಾಜ್.

ನಾಗಪುರ ದಾಟಿದ ಮೇಲೆ ಸಿಗುವ ಪೆಂಚ್ ಕಾಡಿನ ಬಗ್ಗೆ ಮಾತ್ರ ಹೇಳಲೇಬೇಕು. ಹುಲಿ, ಜಿಂಕೆಗಳು ಕೆಳಗಿನಿಂದ ದಾಟಲೆಂದು ಅಲ್ಲಲ್ಲಿ ರಸ್ತೆಯನ್ನೇ ಎತ್ತರಿಸಿದ್ದಾರೆ. ವಾಹನಗಳ ಸದ್ದು, ಬೆಳಕು ಕಾಡಿಗೆ ಬೀಳದಂತೆ ಬದಿಯಲ್ಲಿ ತಡೆಗೋಡೆ. ಹುಲಿ ಕಾಣಬಹುದೆಂದು ಅಪ್ಪ ಕಿಟಕಿಗೆ ಮೂಗು ಒತ್ತಿ ಕುಳಿತಿದ್ದರು. ಕಂಡದ್ದು ಗೋಡೆ. "ನಮ್ಮ ಕೆಳಗೇ ಹೋಯಿತು, ನೀವು ಮೇಲೆ ನೋಡುತ್ತಿದ್ದಿರಿ" ಎಂದು ಅಮ್ಮ ಕೆಣಕಿದರು.

ದಾರಿಯುದ್ದಕ್ಕೂ ಹೋಟೆಲ್‌ಗಳಿವೆ, ಬುತ್ತಿ ಏಕೆ ಎಂದವರೇ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜಬಲ್ಪುರದಾಚೆಗೂ ಕೈಹಿಡಿದವು! ರಾತ್ರಿ ಕಾರು ಓಡಿಸಬೇಡಿ ಎಂದವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆವು. ಕಾಶಿಯಲ್ಲಿ ಕಾರನ್ನು ದೂರದಲ್ಲೇ ನಿಲ್ಲಿಸಿ. ಗುಡಿಯ ಸುತ್ತಲಿನ ಗಲ್ಲಿಗಳಲ್ಲಿ ಅದಕ್ಕೆ ಜಾಗವಿಲ್ಲ.