ಖಿನ್ನತೆಯಿಂದ ಗುಣವಾದವನು ಮನೋವೈದ್ಯಕೀಯ ಸಮಾಜಕಾರ್ಯವನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಶರಾವತಿ ದಂಡೆಯವನು:

ನನಗೀಗ ಇಪ್ಪತ್ತೇಳು ವರ್ಷ; ಊರು ಸಾಗರ ತಾಲ್ಲೂಕು. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ತೀವ್ರ ಖಿನ್ನತೆಗೆ ಒಳಗಾಗಿ, ಎದ್ದು ಹಲ್ಲುಜ್ಜುವುದೂ ಆಗದ ಸ್ಥಿತಿ ತಲುಪಿ, ಮೂರು ವಾರ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ಆಮೇಲೆ ಎರಡು ವರ್ಷ ಮಾತ್ರೆ ನುಂಗಿದೆ. ವೈದ್ಯರು ಹೇಳಿದಂತೆ ಪ್ರಮಾಣ ಇಳಿಸುತ್ತಾ ಬಂದು ಅದನ್ನು ನಿಲ್ಲಿಸಿ ಈಗ ಮೂರು ವರ್ಷವಾಗುತ್ತಾ ಬಂತು. ಸದ್ಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿದ್ದಾಗ ಸಮಾಜಕಾರ್ಯಕರ್ತೆಯೊಬ್ಬರು ಪ್ರತಿ ಸಂಜೆ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೊದಲ ನಾಲ್ಕೈದು ದಿನ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದೆ. ಅವರು ಹದಿನೈದು ನಿಮಿಷ ಸುಮ್ಮನೆ ಕೂತು, "ನಾಳೆ ಇದೇ ಹೊತ್ತಿಗೆ ಬರುತ್ತೇನೆ" ಎಂದು ಹೇಳಿ ಹೋಗುತ್ತಿದ್ದರು. ಮರುದಿನ ಅದೇ ಹೊತ್ತಿಗೆ ಬಂದೇ ಬರುತ್ತಿದ್ದರು. ಆ ಕೆಲಸವನ್ನು ನಾನೂ ಮಾಡಬೇಕು ಎಂಬ ಆಸೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರುವ ಬಗ್ಗೆ ವಿಚಾರಿಸಲು ಕಾಲೇಜೊಂದಕ್ಕೆ ಹೋದಾಗ, ನನ್ನ ಹಿನ್ನೆಲೆ ಕೇಳಿದ ಅಧ್ಯಾಪಕರೊಬ್ಬರು, "ನಿಮಗೇ ಆಸರೆ ಬೇಕಾಗಿತ್ತು, ನೀವು ಇನ್ನೊಬ್ಬರಿಗೆ ಏನು ಆಸರೆಯಾಗುತ್ತೀರಿ?" ಎಂದುಬಿಟ್ಟರು. ಅಪ್ಪನ ಮಾತು ಬೇರೆ: "ಗುಣವಾಗಿದೆಯಲ್ಲ, ಮತ್ತೆ ಆ ಗಾಳಿಗೆ ಯಾಕೆ ಮೈಯೊಡ್ಡುತ್ತೀಯ?" ನನ್ನ ಕಾಯಿಲೆಯ ಇತಿಹಾಸ ಈ ಓದಿಗೆ ಕಾನೂನಿನ ಅಡ್ಡಿಯಾಗುತ್ತದೆಯೇ? ಅದನ್ನು ಎಲ್ಲರಿಗೂ ಹೇಳಿಕೊಳ್ಳಬೇಕೇ? ಈ ಕೆಲಸದಿಂದಲೇ ಕಾಯಿಲೆ ಮರುಕಳಿಸೀತೇ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಧಾರವಾಡದ ಸಮಾಜಕಾರ್ಯಕರ್ತೆ:

ತಮ್ಮಾ, ನಾನು ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಕಲಮು ಸ್ಪಷ್ಟವಾಗಿದೆ: ಒಬ್ಬ ವ್ಯಕ್ತಿ ಹಿಂದೆ ಚಿಕಿತ್ಸೆ ಪಡೆದಿದ್ದ ಅಥವಾ ಆಸ್ಪತ್ರೆಯಲ್ಲಿದ್ದ ಎಂಬ ಒಂದೇ ಕಾರಣಕ್ಕೆ ಅವನಿಗೆ ಈಗಲೂ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು 23ನೇ ಕಲಮು ನಿಮಗೆ ಕೊಟ್ಟಿದೆ. ಆದ್ದರಿಂದ ವಿಚಾರಿಸಲು ಹೋದ ಕಾಲೇಜಿನ ಮೊಗಸಾಲೆಯಲ್ಲಿ ನಿಮ್ಮ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಆ ಅಧ್ಯಾಪಕರ ಮಾತು ಓದಿ ನನಗೆ ನಿಜಕ್ಕೂ ನೋವಾಯಿತು. ಆತ್ಮಹತ್ಯೆಯ ಯೋಚನೆಗಳಿಂದ ಬಳಲುವವರಿಗಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚಿಕಿತ್ಸಾ ವಿಧಾನವೊಂದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲೈನಹ್ಯಾನ್, ಹದಿನೇಳನೆಯ ವಯಸ್ಸಿನಲ್ಲಿ ತಾವೇ ಎರಡು ವರ್ಷಕ್ಕೂ ಮಿಕ್ಕಿ ಮಾನಸಿಕ ಆಸ್ಪತ್ರೆಯಲ್ಲಿದ್ದವರು. ಆದರೆ ಅದನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಅರವತ್ತು ದಾಟಿದ ಮೇಲೆ. ಯಾವಾಗ, ಯಾರಿಗೆ ಹೇಳಬೇಕೆಂಬುದನ್ನು ನಿರ್ಧರಿಸುವವರು ನೀವೇ.

ಓದಿನ ದಾರಿ ಸ್ವಲ್ಪ ಉದ್ದವಿದೆ. ಆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯಲ್ಲಿ ಆಸ್ಪತ್ರೆ ತರಬೇತಿಯೂ ಸೇರಿದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಎಂ.ಫಿಲ್. ಪದವಿಯನ್ನೇ ಕೈಬಿಡುವ ನಿರ್ಧಾರವಾಗಿರುವುದರಿಂದ ಇದರ ಸ್ವರೂಪ ಬದಲಾಗುವ ಹಂತದಲ್ಲಿದೆ. ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ನಂಬಿ. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟು ತೋರಿಸಿ "ಆಪ್ತಸಮಾಲೋಚಕರಾಗಿ" ಎಂದು ಕರೆಯುವವರ ಹತ್ತಿರ ಮಾತ್ರ ಹೋಗಬೇಡಿ.

ಮರುಕಳಿಸುವ ಭಯದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಒಮ್ಮೆ ತೀವ್ರ ಖಿನ್ನತೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರೂ ಇರುತ್ತದೆ. ಇಲ್ಲಿ ಹೆಚ್ಚುವರಿಯಾಗಿ ಇರುವ ಕಷ್ಟವೆಂದರೆ, ಕಾಯಿಲೆಯಲ್ಲಿದ್ದಾಗ ನೀವು ಆಡಿದ ಮಾತನ್ನೇ ಎದುರಿಗೆ ಕೂತವರು ನಿಮ್ಮ ಮುಂದೆ ಆಡುತ್ತಾರೆ. ಎಂ.ಎಸ್.ಡಬ್ಲ್ಯು.ನಲ್ಲಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಅಂದರೆ ಸಂಸ್ಥೆಯಲ್ಲೋ ಸಮುದಾಯದಲ್ಲೋ ಕೆಲಸ ಮಾಡುತ್ತಾ ಕಲಿಯುವುದು, ಇರುತ್ತದೆ. ಮೊದಲ ವರ್ಷ ಶಾಲೆ, ವೃದ್ಧಾಶ್ರಮ ಅಥವಾ ಹಳ್ಳಿಯ ಸಮುದಾಯವನ್ನು ಆರಿಸಿಕೊಳ್ಳಿ. ಮನೋವೈದ್ಯಕೀಯ ವಾರ್ಡನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಅಷ್ಟರೊಳಗೆ ಕೇಳುವುದು, ಬರೆದಿಡುವುದು, ಕೇಳಿದ್ದನ್ನು ಮೇಲ್ವಿಚಾರಕರ ಮುಂದೆ ಇಳಿಸಿ ಮನೆಗೆ ಹೋಗುವುದು ಅಭ್ಯಾಸವಾಗಿರುತ್ತದೆ.

ಹಗಲು ಕೇಂದ್ರದ ಗೆಳೆಯ:

ನನ್ನದು ಬೈಪೋಲಾರ್ ಕಾಯಿಲೆ; ಮನಸ್ಸು ಕೆಲವು ಕಾಲ ಅತಿಯಾದ ಉತ್ಸಾಹಕ್ಕೂ ಕೆಲವು ಕಾಲ ಖಿನ್ನತೆಗೂ ಹೊರಳುತ್ತದೆ. ಹನ್ನೊಂದು ವರ್ಷಗಳಿಂದ ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ವೈದ್ಯರು ಹೇಳಿದ ಗಡುವಿಗೆ ರಕ್ತಪರೀಕ್ಷೆ ಮಾಡಿಸುತ್ತೇನೆ, ಮತ್ತು ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಹಗಲು ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಗುಣವಾಗಿ ಮಾತ್ರೆ ಬಿಟ್ಟವರಷ್ಟೇ ಈ ಕೆಲಸಕ್ಕೆ ಅರ್ಹರು ಎಂಬ ಭಾವನೆ ಯಾರಿಗೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಮಾನಸಿಕ ಆರೋಗ್ಯ ಸೇವೆಯ ಗುಣಮಟ್ಟ ಮತ್ತು ರೋಗಿಗಳ ಹಕ್ಕುಗಳಿಗಾಗಿ ಗುಜರಾತಿನಲ್ಲಿ 2014ರಿಂದ ನಡೆದ ಕ್ವಾಲಿಟಿರೈಟ್ಸ್ ಯೋಜನೆಯಲ್ಲಿ, ಕಾಯಿಲೆ ಅನುಭವಿಸಿದವರಿಗೇ ತರಬೇತಿ ಕೊಟ್ಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಳಿದ ರೋಗಿಗಳ ಜೊತೆಗಾರರನ್ನಾಗಿ ಬಳಸಿಕೊಂಡರು. ನಮ್ಮ ರಾಜ್ಯದಲ್ಲಿ ಅಂಥ ಹುದ್ದೆಗಳು ಇನ್ನೂ ಹೆಚ್ಚಬೇಕು.

ಒಂದು ಘಟನೆ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ಹುಡುಗನೊಬ್ಬ ಮಧ್ಯಾಹ್ನದ ಮಾತ್ರೆಯನ್ನು ನಾಲಿಗೆಯ ಅಡಿ ಇಟ್ಟುಕೊಂಡು, ನೀರು ಕುಡಿದಂತೆ ಮಾಡಿ, ಆಚೆ ಹೋಗಿ ಕ್ರೋಟನ್ ಕುಂಡದಲ್ಲಿ ಉಗುಳುತ್ತಿದ್ದ. ಸಿಬ್ಬಂದಿಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ನನಗೆ ಮೊದಲ ದಿನವೇ ಗೊತ್ತಾಯಿತು, ಏಕೆಂದರೆ ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆ. ಅವನನ್ನು ಪಕ್ಕಕ್ಕೆ ಕರೆದು ನನ್ನ ಕಥೆಯನ್ನೆಲ್ಲ ಅರ್ಧ ಗಂಟೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ ಮನೆಗೆ ಹೋದವನು ಎರಡು ದಿನ ಬರಲೇ ಇಲ್ಲ. ನನ್ನ ಮೇಲ್ವಿಚಾರಕಿ ಬೈಯಲಿಲ್ಲ. "ಆ ಕಥೆ ಅವನಿಗೆ ಬೇಕಿತ್ತೋ, ಹೇಳುವುದು ನಿಮಗೆ ಬೇಕಿತ್ತೋ?" ಎಂದು ಮಾತ್ರ ಕೇಳಿದರು. ಮೂರನೆಯ ದಿನ ಅವನು ಬಂದಾಗ, "ಮಾತ್ರೆಯಿಂದ ಏನು ತೊಂದರೆ ಆಗುತ್ತಿದೆ?" ಎಂದಷ್ಟೇ ಕೇಳಿದೆ. ಕೈ ನಡುಗುತ್ತದೆ, ಅನ್ನ ಕಲಸುವಾಗ ತಂಗಿ ನೋಡುತ್ತಾಳೆ, ನಾಚಿಕೆಯಾಗುತ್ತದೆ ಎಂದ. ವೈದ್ಯರಿಗೆ ತಿಳಿಸಿದೆವು, ಅವರು ಔಷಧ ಬದಲಾಯಿಸಿದರು. ನನ್ನ ಹಳೆಯ ಅನುಭವದಿಂದ ಅವನಿಗೆ ಸಿಕ್ಕ ಉಪಯೋಗ, ಕುಂಡದ ಕಡೆ ನನ್ನ ಕಣ್ಣು ಹೋದದ್ದು ಮಾತ್ರ. ಉಳಿದದ್ದನ್ನೆಲ್ಲ ನಾನು ಕಲಿಯಬೇಕಾಯಿತು.

ಇನ್ನೊಂದು ಮಾತು: ನಿಮ್ಮ ಕಾಯಿಲೆಯ ಮೊದಲ ಸೂಚನೆ ಯಾವುದೆಂದು ನಿಮಗೆ ಗೊತ್ತಿರಲೇಬೇಕು. ನನಗದು ನಿದ್ದೆ. ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದರೆ ಮೇಲ್ವಿಚಾರಕಿಗೆ ತಿಳಿಸಿ, ಅಂದು ಗುಂಪು ಸಭೆ ನಡೆಸದೆ ಕಡತದ ಕೆಲಸ ಮಾಡುತ್ತೇನೆ. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು, ಅದೇ 2017ರ ಕಾಯ್ದೆ ಕೊಟ್ಟಿರುವ ಅವಕಾಶದಂತೆ, ಮುಂಚಿತವಾಗಿ ಬರೆದಿಟ್ಟಿದ್ದೇನೆ.

ಒಬ್ಬ ತಂದೆ:

ನಿಮ್ಮ ಅಪ್ಪನ ಮಾತನ್ನು ವಿರೋಧವೆಂದು ಓದಬೇಡಿ. ಮಗಳು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ರಾತ್ರಿಯಿಡೀ ಅವಳ ಉಸಿರಾಟದ ಮೇಲೆ ಕಿವಿಯಿಟ್ಟುಕೊಂಡು ಕೂತವನು ನಾನು. ಅವಳು ನರ್ಸಿಂಗ್ ಸೇರುತ್ತೇನೆಂದಾಗ ನನ್ನ ಬಾಯಿಂದಲೂ ಇದೇ ಮಾತು ಬಂದಿತ್ತು. ಅವಳ ವೈದ್ಯರು ನನ್ನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ ಮೇಲೆ ಭಯ ಸ್ವಲ್ಪ ಕಡಿಮೆಯಾಯಿತು. ಅಪ್ಪನನ್ನು ಒಮ್ಮೆ ನಿಮ್ಮ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅದಕ್ಕೂ ಮುಂಚೆ ಅವರು ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಮನೆಯವರ ಜೊತೆಗೂ ಕನ್ನಡದಲ್ಲಿಯೇ ಮಾತಾಡುತ್ತಾರೆ.

ಶರಾವತಿ ದಂಡೆಯವನು:

ಎಲ್ಲರಿಗೂ ಕೃತಜ್ಞತೆಗಳು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಅಪ್ಪನ ಜೊತೆ ಹೋಗುತ್ತಿದ್ದೇನೆ. ಅಕ್ಕಾ, ಮೊದಲ ವರ್ಷ ಬೇರೆ ಕ್ಷೇತ್ರ ಕೊಡಿ ಎಂದು ಕಾಲೇಜಿನಲ್ಲಿ ಕೇಳುವಾಗ ಕಾರಣ ಹೇಳಬೇಕಾಗುತ್ತದೆಯೇ?

ಧಾರವಾಡದ ಸಮಾಜಕಾರ್ಯಕರ್ತೆ:

ಬೇಕಿಲ್ಲ. "ಮೊದಲು ಸಮುದಾಯದಲ್ಲಿ ಕಲಿಯಬೇಕೆಂದಿದ್ದೇನೆ" ಎಂದು ಅರ್ಜಿಯಲ್ಲಿ ಬರೆಯಿರಿ; ಅದು ನಿಜವೂ ಹೌದು. ಎರಡನೆಯ ವರ್ಷ ವಾರ್ಡಿಗೆ ಹೋಗುವ ಮುನ್ನ, ನಿಮಗೆ ನಂಬಿಕೆ ಬಂದಿದ್ದರೆ, ಕ್ಷೇತ್ರಕಾರ್ಯದ ಮೇಲ್ವಿಚಾರಕರೊಬ್ಬರಿಗೆ ಮಾತ್ರ ಹೇಳಿ.