ಅಂಡರ್‌ಬಾಡಿ ಕೋಟಿಂಗ್ ಒಳಗೆ ತುಕ್ಕು: ಮೇಲಿಂದ ಇನ್ನೊಂದು ಕೋಟ್ ಹೊಡೆಸಿದರೆ ಸಾಕಾ?

ಪಡುಗಾಳಿ:
ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಾಟ ಮಲ್ಪೆ–ಉಡುಪಿ–ಮಂಗಳೂರು. ಹೊಸತರಲ್ಲೇ ಅಡಿಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದ್ದು ಉಂಟು. ಈಗ ಎಡಬದಿ ಬಾಗಿಲಿನ ಕೆಳಗಿನ ಟೊಳ್ಳು ತಗಡಿನ ಪಟ್ಟಿ, ಅಂದರೆ ಸಿಲ್‌ನಲ್ಲಿ, ಹಿಂದಿನ ಚಕ್ರದ ಹತ್ತಿರ, ಅಂಗೈ ಅಗಲ ಉಬ್ಬಿದೆ. ವಾಟರ್ ಸರ್ವಿಸ್ ಆಗಿ ನಾಲ್ಕು ದಿನ ಕಳೆದರೂ ಹೆಬ್ಬೆರಳಲ್ಲಿ ಒತ್ತಿದರೆ ಕಂದು ನೀರು ಒಸರುತ್ತದೆ. ತೊಳೆದು ಮೇಲಿಂದಲೇ ಇನ್ನೊಂದು ಕೋಟ್ ಹೊಡೆಯುತ್ತೇವೆ, ಎರಡು ಗಂಟೆ ಕೆಲಸ ಅಂತಾರೆ ಸರ್ವಿಸ್‌ನವರು. ಮಾಡಿಸಬಹುದಾ? ಮಾಲು ಎಷ್ಟು ಬೇಕು?

ತಗಡುಬೆಸುಗೆ:
ಬೇಡ ಸರ್. ಅದು ಗಾಯ ತೊಳೆಯದೆ ಮೇಲೆ ಪಟ್ಟಿ ಕಟ್ಟಿದ ಹಾಗೆ. ರಬ್ಬರ್ ಅಥವಾ ಡಾಂಬರಿನ ಕೋಟಿಂಗ್ ಕೆಲವು ವರ್ಷಕ್ಕೆ ಬಿರುಸಾಗಿ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇರುವುದಿಲ್ಲ. ನಿಮ್ಮ ಕಡೆ ನೀರಿನ ಜೊತೆ ಉಪ್ಪೂ ಹೋಗುತ್ತದೆ: ಕಡಲ ಗಾಳಿಯದ್ದು ಒಂದು, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರಿನದ್ದು ಇನ್ನೊಂದು. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನೇ ತೇವ ಹೀರಿ ನೀರಾಗುತ್ತದೆ. ಹಾಗಾಗಿ ಮಳೆ ಇಲ್ಲದ ತಿಂಗಳಲ್ಲೂ ಕೋಟಿಂಗ್ ಅಡಿಯ ತಗಡು ಒಣಗುವುದೇ ಇಲ್ಲ.

ಮೊದಲು ಸಿಲ್‌ನ ಅಡಿಯಲ್ಲಿರುವ ಡ್ರೇನ್ ತೂತುಗಳನ್ನು ಹುಡುಕಿ. ಕೋಟಿಂಗ್ ಹೊಡೆಯುವಾಗ ಅವನ್ನು ಮುಚ್ಚಿಬಿಟ್ಟಿರುವುದೇ ಹೆಚ್ಚು. ಪ್ಲಾಸ್ಟಿಕ್ ಟೈ ತೂರಿಸಿ ಬಿಡಿಸಿ. ಮೊಳೆ, ಡ್ರಿಲ್ ಬೇಡ, ಅಂಚಿನ ಪೇಂಟ್ ಕಿತ್ತು ಅಲ್ಲಿಂದಲೇ ಹೊಸ ತುಕ್ಕು ಶುರುವಾಗುತ್ತದೆ. ಆಮೇಲೆ ಉಬ್ಬಿದ ಜಾಗ ಕೆರೆದು, ಚಪ್ಪಟೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದು ಹೋದದ್ದು ರಟ್ಟಿನ ಹಾಗೆ ಸದ್ದು ಮಾಡುತ್ತದೆ. ಅಂಥ ಕಡೆ ತುದಿಯಿಂದ ಒತ್ತಿ ನೋಡಿ. ಗಾಡಿ ಜಾಕ್ ಸ್ಟ್ಯಾಂಡ್ ಮೇಲಿರಲಿ, ಬರೀ ಜಾಕ್ ನಂಬಿ ಅಡಿಗೆ ನುಸುಳಬೇಡಿ.

ಹಳೇಗಾಡಿ:
ನಮ್ಮ ಕಡೆ ಹಳೆ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಸ್ಪ್ರೇ ಹೊಡೆಸುತ್ತಾರೆ. ಅಗ್ಗವೂ ಹೌದಲ್ಲ?

ತಗಡುಬೆಸುಗೆ:
ಅಗ್ಗ ಹೌದು. ಆದರೆ ಸಸ್ಪೆನ್ಷನ್ ಬುಷ್, ಆಕ್ಸಲ್ ಬೂಟ್‌ನಂಥ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೊದಲ ನಾಲ್ಕು ಜೋರು ಮಳೆಗೆ ಎಣ್ಣೆ ತೊಳೆದು ಚರಂಡಿ ಸೇರುತ್ತದೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲದ ಅಂಶವೂ ಇರುತ್ತದೆ.

ಪಡುಗಾಳಿ:
ಎರಡು ತೂತು ಪೂರ್ತಿ ಮುಚ್ಚಿತ್ತು. ಬಿಡಿಸಿದಾಗ ಅರ್ಧ ಲೋಟದಷ್ಟು ಕೆಸರು ನೀರು ಇಳಿಯಿತು ಮಾರಾಯ್ರೆ! ಹಿಂದಿನ ಜಾಕ್ ಪಾಯಿಂಟ್ ಪಕ್ಕ ಸ್ಕ್ರೂಡ್ರೈವರ್ ಒಳಗೇ ಹೋಯಿತು, ನಾಲ್ಕಾಣೆ ಅಗಲ. ಫೈಬರ್ ಬಟ್ಟೆ, ಪುಟ್ಟಿ ಹಾಕಿ ಮುಚ್ಚಿದರೆ ಆಗ್ತದಾ? ಜಾಯಿಂಟ್‌ಗೆ ಮನೆಯಲ್ಲಿ ಬಾತ್‌ರೂಮ್ ಸಿಲಿಕೋನ್ ಉಂಟು.

ತಗಡುಬೆಸುಗೆ:
ಎರಡೂ ಬೇಡ. ಸಿಲ್ ಅಂದರೆ ಬಾಡಿಯ ಬಲವೇ ಅದು, ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ. ತೂತಿನ ಸುತ್ತ ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಗಡು ಬೆಸೆಯಬೇಕು. ಅಲ್ಲಿಯವರೆಗೆ ಆ ಪಾಯಿಂಟ್‌ಗೆ ಜಾಕ್ ಕೊಡಬೇಡಿ. ಬೆಸುಗೆಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಹತ್ತಿರದ ಪೆಟ್ರೋಲ್ ಪೈಪ್, ಕಾರ್ಪೆಟ್ ಸರಿಸಲಿ. ಸಿಲಿಕೋನ್ ಟ್ಯೂಬಿನಿಂದ ವಿನೆಗರ್ ವಾಸನೆ ಬಂದರೆ ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ, ತಗಡಿಗೆ ತಾನೇ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಪಾಲಿಯುರೆಥೇನ್ ಸೀಮ್ ಸೀಲರ್ (ತಗಡಿನ ಜಾಯಿಂಟ್ ಮುಚ್ಚುವ ಅಂಟು) ತನ್ನಿ.

ಕೆಲಸದ ಕ್ರಮ ತಪ್ಪಿದರೆ ಎಲ್ಲ ದಂಡ. ಮೊದಲು ಅಡಿಯನ್ನೆಲ್ಲ ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ, ಸಂದುಗಳಿಗೆ ಕಂಪ್ರೆಸರ್ ಗಾಳಿ ಹೊಡೆಸಿ. ಬ್ಲೇಡ್ ಕೊಟ್ಟರೆ ಏಳುವ ಕೋಟಿಂಗ್ ಪೂರ್ತಿ ತೆಗೆಯಿರಿ; ಗಟ್ಟಿಯಾಗಿ ಹಿಡಿದಿರುವುದನ್ನು ಕೀಳುವ ಅಗತ್ಯವಿಲ್ಲ. ಹೀಟ್ ಗನ್ ಬಳಸುವುದಾದರೆ ಟ್ಯಾಂಕ್, ಇಂಧನ ಮತ್ತು ಬ್ರೇಕ್ ಪೈಪಿನಿಂದ ದೂರ. ವೈರ್ ಬ್ರಷ್, ಆಮೇಲೆ 80 ನಂಬರ್ ಎಮರಿ. ಬೆಸುಗೆ ಇದರ ನಂತರ. ಬೆಸುಗೆಯ ಗುರುತು ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಎರಡು ಡಬ್ಬಿ ಬೆರೆಸುವ ಇಪಾಕ್ಸಿ ಪ್ರೈಮರ್ ಎರಡು ತೆಳು ಕೋಟ್. ಅಷ್ಟು ಜಾಗಕ್ಕೆ ಕಾಲು ಲೀಟರ್ ಸಾಕು. ರಸ್ಟ್ ಕನ್ವರ್ಟರ್ (ಆಮ್ಲದಿಂದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚುವ ಆಸೆಯಿದ್ದರೆ ಪ್ರೈಮರ್ ಡಬ್ಬಿ ಓದಿಯೇ ಹಚ್ಚಿ: ಫಾಸ್ಫಾರಿಕ್ ಆಮ್ಲ ಉಳಿದ ಕಡೆ ಇಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸತುವಿನ ಪ್ರೈಮರ್ ಕೂಡ ಕನ್ವರ್ಟರ್ ಮೇಲೆ ವ್ಯರ್ಥ, ಸತು ಬರಿ ಕಬ್ಬಿಣವನ್ನು ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ.

ಪ್ರೈಮರ್ ಮೇಲೆ ಸೀಮ್ ಸೀಲರ್, ಅದು ಒಣಗಿದ ಮೇಲೆ ಕಲ್ಲಿನ ಏಟು ತಡೆಯುವ ಸ್ಟೋನ್ ಗಾರ್ಡ್ ಕೋಟ್. ಡಬ್ಬಿಯಲ್ಲಿ ಹೇಳಿದ ಅವಧಿ ದಾಟಿದ್ದರೆ ಪ್ರೈಮರನ್ನು 180 ನಂಬರಿನಲ್ಲಿ ಉಜ್ಜಿಕೊಳ್ಳಿ. ಕಡೆಗೆ ಹೊರಗೆಲ್ಲ ಮೆತ್ತಗೆ ಉಳಿಯುವ ವ್ಯಾಕ್ಸ್, ಎರಡರಿಂದ ಮೂರು ಲೀಟರ್. ಬ್ರೇಕ್ ಡಿಸ್ಕ್, ಸೈಲೆನ್ಸರ್, ಸೆನ್ಸರ್, ರಬ್ಬರ್ ಬೂಟ್‌ಗಳಿಗೆ ಮೊದಲೇ ಪೇಪರ್ ಸುತ್ತಿ. ಎಲ್ಲ ಮಳೆಗೆ ಮೊದಲು, ಏಪ್ರಿಲ್ ಒಳಗೆ ಮುಗಿಯಲಿ.

ಹಳೇಗಾಡಿ:
ಸಿಲ್ ಒಳಗಿನ ತುಕ್ಕಿಗೆ?

ತಗಡುಬೆಸುಗೆ:
ಅದೇ ಮುಖ್ಯ, ಜನ ಮರೆಯುವುದೂ ಅದನ್ನೇ. ಬೆಸುಗೆಯ ಬಿಸಿಗೆ ಒಳಬದಿಯ ಪೇಂಟ್ ಸುಟ್ಟಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ರಬ್ಬರ್ ಬಿರಡೆ ತೆಗೆದು, ಸುತ್ತಲೂ ಚಿಮ್ಮುವ ನಳಿಕೆಯ ಉದ್ದ ಪೈಪನ್ನು ಸಿಲ್‌ನ ತುದಿಯವರೆಗೆ ತಳ್ಳಿ, ಹೊಡೆಯುತ್ತಲೇ ನಿಧಾನ ಹಿಂದಕ್ಕೆ ಎಳೆಯಬೇಕು. ಹೀಗೆ ಟೊಳ್ಳಿನೊಳಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ತೆಳುವಾಗಿ ಬೆಸುಗೆಯ ಸಂದಿನೊಳಗೆ ತಾನೇ ಹರಿಯುತ್ತದೆ. ಎರಡು ಸಿಲ್, ಬಾಗಿಲುಗಳ ತಳ, ಡಿಕ್ಕಿ ಸೇರಿ 500 ಮಿ.ಲೀ. ಡಬ್ಬಿ ನಾಲ್ಕು ಬೇಕು. ಇದು ಬೆಸುಗೆ ಮುಗಿದ ಮೇಲೆಯೇ, ಮೊದಲೇ ಹೊಡೆದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆಮೇಲೆ ಪ್ರತಿ ಅಕ್ಟೋಬರ್‌ನಲ್ಲಿ ತೊಳೆದು, ಹೊರಗಿನ ವ್ಯಾಕ್ಸ್ ಸವೆದಲ್ಲಿ ಮತ್ತೆ ಹಚ್ಚಿ.

ಹೊಡೆದ ರಾತ್ರಿ ಸಿಲ್ ಅಡಿಗೆ ರಟ್ಟು ಹಾಸಿ. ಡ್ರೇನ್ ತೂತಿನಿಂದ ಒಂದೆರಡು ದಿನ ವ್ಯಾಕ್ಸ್ ತೊಟ್ಟಿಕ್ಕಬೇಕು. ರಟ್ಟಿನ ಮೇಲೆ ಕಲೆ ಇಲ್ಲವೆಂದರೆ ಆ ತೂತು ಇನ್ನೂ ಮುಚ್ಚಿದೆ, ಇಲ್ಲವೇ ಪೈಪ್ ಅಲ್ಲಿಯವರೆಗೆ ಹೋಗಿಲ್ಲ.