ಬಾಲ್‌ರೂಮ್ ಜೋಡಿ ನೃತ್ಯ ಸ್ಪರ್ಧಿಗಳ ಗುಂಪು: ಕೋಚ್ ಮೇಡಂಗೆ ಪ್ರಶ್ನೆಗಳು

ಸದಸ್ಯ 1: ಮೇಡಂ, ವಾಲ್ಟ್ಜ್‌ನಲ್ಲಿ ಯಾವ ಎಣಿಕೆಗೆ ಮೇಲೇಳಬೇಕು?

ಕೋಚ್: ಒಂದರ ಕೊನೆಯಲ್ಲಿ ಶುರು. ಎರಡು, ಮೂರರಲ್ಲಿ ಏರುತ್ತಾ ಹೋಗಿ. ಮೂರರ ಕೊನೆಗೆ ಇಳಿಯಿರಿ.

ಸದಸ್ಯೆ 2: ನಾನು ಫಾಲೋವರ್, ಅಂದರೆ ಪಾರ್ಟ್ನರ್ ನಡೆಸಿದಂತೆ ಹೆಜ್ಜೆ ಹಾಕುವವಳು. ಎರಡು ತಿಂಗಳಿಂದ ಫಾಕ್ಸ್‌ಟ್ರಾಟ್ ಅಭ್ಯಾಸ ಆದ ಮೇಲೆ ಸೊಂಟ ನೋಯುತ್ತಿದೆ. ಈ ವಾರ ಬಲಗಾಲಿನ ಹೆಬ್ಬೆರಳ ತನಕ ಜೋಮು. ತಲೆ ಇನ್ನೂ ಹಿಂದಕ್ಕೆ ಹೋಗಬೇಕು ಅಂತ ಪಾರ್ಟ್ನರ್ ಹೇಳುತ್ತಾರೆ. ಮುಂದಿನ ತಿಂಗಳು ಸ್ಪರ್ಧೆ ಇದೆ.

ಕೋಚ್: ಮೊದಲು ಜೋಮಿನ ವಿಷಯ. ನೋವಿನ ಜೊತೆ ಕಾಲಿಗೆ ಜೋಮು ಇಳಿದರೆ ನರ ಒತ್ತಿರಬಹುದು. ಅದನ್ನು ಕೋಚ್ ನೋಡಿ ಹೇಳಲು ಆಗಲ್ಲ. ಈ ವಾರವೇ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಅಭ್ಯಾಸ ಬೇಡ. ಕಾಲಿನ ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಇನ್ನು ನೃತ್ಯ. ಫಾಲೋವರ್ ಹಿಂದಕ್ಕೆ ಬಾಗಿದ್ದಾರೆ ಅಂತ ನೋಡುವವರಿಗೆ ಅನಿಸುತ್ತದೆ. ನಿಜಕ್ಕೂ ಬೆನ್ನು ಮೊದಲು ಉದ್ದವಾಗಬೇಕು. ಆಮೇಲೆ ಪಕ್ಕೆಲುಬಿನ ಭಾಗ ಎಡಕ್ಕೆ ತೆರೆದುಕೊಳ್ಳಬೇಕು. ತಲೆ ಕೊನೆಗೆ ಅದರ ಮೇಲೆ ಕೂರುತ್ತದೆ, ಅಷ್ಟೇ. ನೀವು ಸೊಂಟದಲ್ಲೇ ಬಾಗುತ್ತಿದ್ದೀರಿ ಅಂತ ನನಗೆ ಅನುಮಾನ. ಫಾಕ್ಸ್‌ಟ್ರಾಟ್‌ನ ಫೆದರ್ ಸ್ಟೆಪ್ ಅನ್ನುವ ಹೆಜ್ಜೆಗಳನ್ನು ನೆನಪಿಸಿಕೊಳ್ಳಿ. ನೀವು ಹಿಂದಕ್ಕೆ ಹೋಗುತ್ತೀರಿ, ನಿಮ್ಮ ಪಾದದಲ್ಲಿ ಏರಿಕೆ ಇಲ್ಲ, ಹೆಜ್ಜೆ ಮಾತ್ರ ಉದ್ದ. ಕಾಲು ತೊಡೆಕೀಲಿನಿಂದ ಬೀಸಿ ಹಿಂದೆ ಹೋಗದಿದ್ದರೆ ಆ ಉದ್ದವನ್ನು ಸೊಂಟ ತುಂಬಿಸಿಕೊಡುತ್ತದೆ. ಪ್ರತಿ ಹೆಜ್ಜೆಗೂ, ತಿಂಗಳುಗಟ್ಟಲೆ.

ಪಾರ್ಟ್ನರ್ ಬಲಗೈ ಎಲ್ಲಿದೆ ನೋಡಿ. ಅದು ನಿಮ್ಮ ಬೆನ್ನಿನ ಕಡೆ, ಎಡ ಹೆಗಲ ಮೂಳೆಯ ಮೇಲೆ ಇರಬೇಕು. ಕೆಳಗೆ ಜಾರಿ ನಿಮ್ಮನ್ನು ಎಳೆದುಕೊಳ್ಳುತ್ತಿದ್ದರೆ ತಪ್ಪು ಅವರದ್ದೂ ಹೌದು. "ತಲೆ ಹಿಂದಕ್ಕೆ" ಅನ್ನುವುದನ್ನು ಇವತ್ತೇ ನಿಲ್ಲಿಸಲು ಹೇಳಿ.

ಸದಸ್ಯ 3: ಬೋರಲು ಮಲಗಿ, ಯಾರಾದರೂ ಬೆನ್ನ ಮೇಲೆ ನಿಂತರೆ ಸರಿ ಹೋಗುತ್ತಂತೆ. ಫಾರ್ವರ್ಡ್ ಬಂದಿತ್ತು.

ಕೋಚ್: ಅಳಿಸಿ. ಜೋಮು ಇರುವ ಬೆನ್ನಿನ ಮೇಲೆ ನಿಲ್ಲುವುದಾ? ಇಂಥದ್ದು ಈ ಗುಂಪಿನಲ್ಲಿ ಮೂರನೇ ಸಲ.

ಸದಸ್ಯೆ 4: ಡ್ಯಾನ್ಸ್ ಶೂನ ಸ್ಯೂಡ್ (ಒರಟು ಚರ್ಮದ) ಅಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಬ್ರಷ್ ಮಾಡಬೇಕು?

ಸದಸ್ಯ 5: ಏನೇ ಹೇಳಿ, ತಲೆ ಚೆನ್ನಾಗಿ ಹಿಂದಕ್ಕೆ ಹೋಗದಿದ್ದರೆ ಜಡ್ಜ್‌ಗಳು ನೋಡುವುದೇ ಇಲ್ಲ.

ಸದಸ್ಯೆ 6: ತಾಳ ತಪ್ಪಿದರೆ ತಲೆ ಎಲ್ಲಿದ್ದರೇನು?

ಸದಸ್ಯ 5: ನೀವು ಎಷ್ಟು ಫೈನಲ್ ಆಡಿದ್ದೀರಿ?

ಸದಸ್ಯೆ 6: ಆಡಿದ್ದೇನೆ. ಕುತ್ತಿಗೆ ಕೆಡಿಸಿಕೊಂಡು ಒಂದು ವರ್ಷ ಮನೆಯಲ್ಲೂ ಕೂತಿದ್ದೇನೆ. ಅದಕ್ಕೇ ಹೇಳುತ್ತಿರುವುದು.

ಸದಸ್ಯ 5: ನಿಮ್ಮ ಕುತ್ತಿಗೆಗೆ ಎಲ್ಲರೂ ಚಿಕ್ಕದಾಗಿ ಕುಣಿಯಬೇಕಾ?

ಕೋಚ್: ಸಾಕು. ನೋವಿನಲ್ಲಿ ಇರುವವರು ಇದನ್ನು ಓದುತ್ತಿದ್ದಾರೆ.

ಸದಸ್ಯ 7: ವಾಲ್ಟ್ಜ್‌ನಲ್ಲಿ ಯಾವಾಗ ಏಳಬೇಕು ಮೇಡಂ? ಟ್ಯಾಂಗೋದಲ್ಲೂ ಹಾಗೇನಾ?

ಕೋಚ್: ಮೇಲೆ ಬರೆದಿದ್ದೇನೆ, ಓದಿ. ಟ್ಯಾಂಗೋದಲ್ಲಿ ಏರಿಳಿತವೇ ಇಲ್ಲ.

ಸದಸ್ಯೆ 2: ನಾಳೆ ಬೆಳಿಗ್ಗೆ ವೈದ್ಯರು ನೋಡುತ್ತಾರೆ. ಸ್ಪರ್ಧೆ ಬಿಡಬೇಕಾ ಅಂತ ಪಾರ್ಟ್ನರ್ ಕೇಳುತ್ತಿದ್ದಾರೆ.

ಕೋಚ್: ನಾಳೆ ವೈದ್ಯರು ಏನು ಹೇಳಿದರು ಅಂತ ಮೊದಲು ನನಗೆ ಬರೆಯಿರಿ. ಪಾರ್ಟ್ನರ್‌ನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಸದಸ್ಯೆ 4: ಮೇಡಂ, ಶೂ?